ಮೊದಲು ಬಂಪರ್ ಲಾರಿ ಏರಿತು

ಭಾರ ಹೇರುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಈ ಭೂಮಂಡಲದಲ್ಲಿ ಯಾರೂ ಹುಟ್ಟಿಲ್ಲ ಎಂಬುದು ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ತನಕ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹತ್ತೂವರೆಗೆ ಅದು ಸ್ವಲ್ಪ ಅಲುಗಾಡಿತು. ಮಧ್ಯಾಹ್ನ ಒಂದಕ್ಕೆ ನನ್ನ ಕಣ್ಣೆದುರಿಗೇ ನಡು ಮುರಿದುಕೊಂಡು ಬಿತ್ತು. ಟಪ್ ಎಂದು ಸದ್ದೂ ಬಂತು!

ಇಳಕಲ್ಲಿನಲ್ಲಿ ನನ್ನದು ಕಲ್ಲಿನ ಕೆಲಸ. ಐದನೇ ಇಯತ್ತೆಗೇ ಶಾಲೆಗೆ ಕೈಮುಗಿದು ಬಂದವನು. ಮೊದಲು ಕಲ್ಲು ಕೊಯ್ಯುವ ಮಷಿನಿಗೆ ನೀರು ಬಿಟ್ಟೆ. ಆಮೇಲೆ ಹದಿನಾಲ್ಕು ವರ್ಷ ಪಾಲಿಶ್ ಹಿಡಿದೆ. ಈಗ ಸ್ವಂತ ಲಾರಿಯಲ್ಲಿ ಗ್ರಾನೈಟ್ ಸಾಗಿಸುತ್ತೇನೆ. ನಾನು ಉಜ್ಜಿದ ಕಲ್ಲಿನಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಬಹುದು. ಇದು ಜಂಬದ ಮಾತಲ್ಲ, ಒಮ್ಮೆ ನಾಲ್ಕು ಮಂದಿಯ ಎದುರು ಬೋಳಿಸಿಕೊಂಡೇ ತೋರಿಸಿದ್ದೇನೆ. ಎಮ್ಮೆ ಗಾತ್ರದ ಬಂಡೆಗಳನ್ನು ಒಂದು ಗೀರೂ ಬೀಳದಂತೆ ಲಾರಿಗೆ ಹೇರಿದ ಕೈ ಇದು. ಇಂಥ ಕೈಗೆ ಒಂದು ಕಾರು ಯಾವ ಲೆಕ್ಕ?

ಕಾರಿನ ಮಾತು ಹುಟ್ಟಿದ್ದು ಬಾದಾಮಿಯಲ್ಲಿ, ಹೋಳಿಗೆ ಊಟದ ಪಂಕ್ತಿಯಲ್ಲಿ. ನಮ್ಮ ಒಬ್ಬಳೇ ಮಗಳು ಸವಿತಾಳನ್ನು ಬಾದಾಮಿಗೆ ಕೊಟ್ಟಿದ್ದೇವೆ. ಏಳು ತಿಂಗಳಿಗೆ ಅವಳಿಗೆ ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡಿದರು. ಚೊಚ್ಚಲ ಬಾಣಂತನ ತವರುಮನೆಯದು. ಇನ್ನು ಮಗಳನ್ನು ನಮ್ಮ ಮನೆಗೆ ಕರೆತರಬೇಕು. ಊಟಕ್ಕೆ ಕೂತಾಗ ಬೀಗರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು:

"ಹುಡುಗೀನ ಹೆಂಗ ಕರ್ಕೊಂಡು ಹೋಗ್ತೀರಿ ಬೀಗರ? ಲಾರಿ ಬ್ಯಾಡ ಮತ್ತ. ನಾವ ಒಂದು ಬಾಡಿಗಿ ಗಾಡಿ ಹೇಳೂಣೇನ?"

ಆಚೆ ಈಚೆ ಇಪ್ಪತ್ತು ಮಂದಿ ಉಣ್ಣುತ್ತಿದ್ದರು. ನನ್ನ ನಾಲಿಗೆ ನನ್ನನ್ನು ಒಂದು ಮಾತು ಕೇಳಲಿಲ್ಲ.

"ಬಾಡಿಗಿ ಗಾಡಿ ಯಾಕ್ರಿ? ನಮ್ಮ ಸ್ವಂತ ಕಾರಿನ್ಯಾಗ ಕರ್ಕೊಂಡು ಹೋಗ್ತೇನಿ. ಮುಂದಿನ ಸೋಮವಾರ, ಮುಂಜಾನೆ ಹತ್ತಕ್ಕ!"

ಎದುರಿನ ಸಾಲಿನಲ್ಲಿ ಉಣ್ಣುತ್ತಿದ್ದ ನನ್ನ ಹೆಂಡತಿ ಗಿರಿಜಾಗೆ ಬಿಕ್ಕಳಿಕೆ ಹತ್ತಿತು. ಕಾರಣ ಇಷ್ಟೆ. ನಮಗೆ ಕಾರು ಇರಲಿಲ್ಲ!

ಸೋಮವಾರ ಒಳ್ಳೆಯ ದಿನ, ಅದು ತಪ್ಪಿದರೆ ಅಮಾವಾಸ್ಯೆ, ಆಮೇಲೆ ಎರಡು ವಾರ ದಿನವಿಲ್ಲ ಎಂದು ಎರಡೂ ಮನೆಯ ಹಿರಿಯರು ಹೇಳಿಬಿಟ್ಟರು. ಅಷ್ಟು ತಡವಾದರೆ ಆಮೇಲೆ ಪ್ರಯಾಣ ಬೇಡ ಎಂದು ಡಾಕ್ಟರೂ ಸೇರಿಸಿದರು. ಅಂದರೆ ಸೋಮವಾರ ಬಿಟ್ಟರೆ ಮಗಳು ಬಾಣಂತನಕ್ಕೆ ತವರಿಗೆ ಬರುವುದೇ ಇಲ್ಲ. ಇತ್ತ ಸವಿತಾಳದು ದಿನಕ್ಕೆರಡು ಫೋನು.

"ಅಪ್ಪಾ, ಅವ್ವನ ಕೈಯಾಗಿನ ಬಿಸಿ ರೊಟ್ಟಿ, ಕೆಂಪು ಚಟ್ನಿ ಕನಸಿನ್ಯಾಗ ಬರಾಕ ಹತ್ಯಾವ. ಸೋಮವಾರ ಬರ್ತಿ ಹೌದಲ್ಲೊ?"

"ಬರ್ತೇನವ್ವ. ಕಾರ್ ತಗೊಂಡ ಬರ್ತೇನಿ."

ಕಾರು ಸಿಕ್ಕಿತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಜೋಶಿ ಸರ್ ಎಂಬ ನಿವೃತ್ತ ವಿಜ್ಞಾನದ ಮಾಸ್ತರರು ಇದ್ದಾರೆ. ಹಿಂದೆ ಅವರ ಮನೆಗೆ ಅಡುಗೆ ಕಟ್ಟೆಯ ಕಲ್ಲು ಕೊಟ್ಟು ಬಂದ ಪರಿಚಯ. ಅವರ ಅಳಿಯ ಷೋಕಿಗೆ ಬಿದ್ದು ಕಾರಿನ ಸ್ಪ್ರಿಂಗ್ ಕತ್ತರಿಸಿ ಅದನ್ನು ನೆಲಕ್ಕೆ ಇಳಿಸಿ, ಆಮೇಲೆ ಮನೆಯ ಮುಂದೆ ಬಿಟ್ಟು ಹೋಗಿದ್ದ. ಅದನ್ನು ಫೋನಿನಲ್ಲೇ ಮಾತಾಡಿ ಅಗ್ಗಕ್ಕೆ ಕೊಂಡೆ. ಆ ಕಾರಿನ ಕೆಳಗೆ ಒಂದು ಕೋಳಿ ನುಸುಳಬೇಕಾದರೆ ಪುಕ್ಕ ಬಿಚ್ಚಿಟ್ಟು ಹೋಗಬೇಕು. ಗೇರ್‌ಗಳ ಪೈಕಿ ಮೊದಲನೆಯದು ಮಾತ್ರ ಜೀವಂತವಿತ್ತು. ಅದೇ ಜಾತಿಯ ಕಾರಿನ ಗೇರ್ ಬಾಕ್ಸು ಇಳಕಲ್ಲಿನ ನಮ್ಮ ಗ್ಯಾರೇಜ್ ಮೇಸ್ತ್ರಿಯ ಹತ್ತಿರ ಇತ್ತು. "ಗುರುವಾರ ಸಂಜಿಕ ಗಾಡಿ ನನ್ನ ಕೈಗೆ ಕೊಟ್ರ ರವಿವಾರ ಓಡಸ್ಕೊಂಡು ಹೋಗು" ಎಂದು ಅವನು ಮಾತು ಕೊಟ್ಟ. ಒಂದೇ ಗೇರಿನಲ್ಲಿ ಇಳಕಲ್ಲಿಗೆ ಓಡಿಸುವ ಮಾತಿಲ್ಲ. ಹಗ್ಗ ಕಟ್ಟಿ ಎಳೆದರೆ ದಾರಿಯ ಉಬ್ಬುಗಳು ಕಾರಿನ ಹೊಟ್ಟೆ ಬಗೆಯುತ್ತವೆ. ಉಳಿದದ್ದು ಒಂದೇ ದಾರಿ. ಲಾರಿಯ ಮೇಲೆ ಹೇರಿ ತರುವುದು!

ಜೋಶಿ ಸರ್ ಫೋನಿನಲ್ಲೇ ಎಚ್ಚರಿಸಿದ್ದರು. "ಸಂಗಪ್ಪಾ, ಗಾಡಿ ಭಾಳ ತಗ್ಗು ಅದ. ನಿನ್ನ ಲಾರಿ ಎಷ್ಟು ಎತ್ತರ ಅದ?"

"ಅದೆಲ್ಲಾ ನನಗ ಬಿಡ್ರಿ ಸರ್."

ಈ ವಾಕ್ಯವನ್ನು ನಾನು ಆ ವಾರ ಒಟ್ಟು ಏಳು ಸಲ ಹೇಳಿದೆನೆಂದು ಗಿರಿಜಾ ಲೆಕ್ಕ ಇಟ್ಟಿದ್ದಾಳೆ.

ಕಾರು ಏರಲು ಇಳಿಜಾರು ಬೇಕಲ್ಲ? ನಮ್ಮ ಕಲ್ಲಿನ ಯಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ನನ್ನ ಜೊತೆಗಾರನಾದ ಮಾಬೂಸಾಬ ಒಂದು ಸಲಹೆ ಕೊಟ್ಟ.

"ಲೇ ಸಂಗ್ಯಾ, ಎರಡು ಉದ್ದನ್ನ ದಪ್ಪ ಹಲಗಿ ತಗೊಂಡು ನಡಿ."

"ಹಲಗಿ? ಇಳಕಲ್ಲಿನಾಂವ ಕಟಗಿ ಹೇರ್ಕೊಂಡು ಹೋದ್ರ ಬಾಗಲಕೋಟಿ ಮಂದಿ ನಗೂದಿಲ್ಲೇನಲೇ? ನಮ್ಮ ಊರಿಗೆ ಬರೂ ಗಾಡಿ ನಮ್ಮ ಊರ ಕಲ್ಲಿನ ಮ್ಯಾಲ ಹತ್ತಬೇಕು!"

ಅಂಚು ಒಡೆದಿದೆ ಎಂದು ಗಿರಾಕಿ ಬಿಟ್ಟುಹೋದ ಎರಡು ಕೆಂಪು ಚಪ್ಪಡಿಗಳು ಯಾರ್ಡಿನಲ್ಲಿದ್ದವು. ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಬೆರಳು ದಪ್ಪ. ಪಾಲಿಶ್ ನನ್ನದೇ. ಮಾಬೂಸಾಬ ಅವುಗಳನ್ನು ನೋಡಿ ತಲೆ ಕೆರೆದುಕೊಂಡ.

"ಮುರೀತಾವಲೇ."

"ಕಲ್ಲು ಮುರಿಯೂದು? ಬಾದಾಮಿಗೆ ಹೋಗಿ ನೋಡು. ಕಲ್ಲಿನ ಕಂಬ ಸಾವಿರ ವರ್ಷದಿಂದ ಗುಡ್ಡಾ ಹೊತ್ಕೊಂಡು ನಿಂತಾವ."

"ಅವು ನಿಂತಾವ. ಇವನ್ನ ನೀ ಅಂತರದಾಗ ಮಲಗಸ್ತಿ."

ಮಾಬೂಸಾಬ ಯಾವಾಗಲೂ ಹೀಗೆ. ಒಳ್ಳೆಯ ಕೆಲಸಕ್ಕೆ ಅಡ್ಡಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರ್ಡಿನ ಕ್ರೇನಿನಿಂದ ಚಪ್ಪಡಿಗಳನ್ನು ಲಾರಿಗೆ ಇಟ್ಟು, ಬಂಡೆ ಎಳೆಯುವ ಚೈನ್ ಪುಲ್ಲಿಯನ್ನೂ ಹಾಕಿಕೊಂಡು, ಗುರುವಾರ ನಸುಕಿಗೆ ಹೊರಟೆವು. ಕಾರಿನ ಪೂಜೆ ಮಾಡಬೇಕೆಂದು ಗಿರಿಜಾಳೂ ಆರತಿ ತಟ್ಟೆ, ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ನಮ್ಮಿಬ್ಬರ ನಡುವೆ ಕೂತಳು. ಅಮೀನಗಡ ದಾಟುವಾಗ ನಾನು ಸಿಳ್ಳೆ ಹಾಕುತ್ತಿದ್ದೆ ಎಂಬುದನ್ನು ಇಲ್ಲಿ ದಾಖಲಿಸಲು ನಾಚಿಕೆಯಾಗುತ್ತದೆ.

ಜೋಶಿ ಸರ್ ಮನೆಯ ಮುಂದೆ ಲಾರಿ ನಿಲ್ಲಿಸಿ ಹಿಂದಿನ ಬಾಗಿಲು ಇಳಿಸಿದೆ. ಲಾರಿಯ ಹಾಸು ನನ್ನ ಎದೆಮಟ್ಟಕ್ಕಿತ್ತು. ಕಾರು ನನ್ನ ಮೊಣಕಾಲಿನ ಹತ್ತಿರ ಕೂತಂತಿತ್ತು. ಎರಡೂ ಒಂದನ್ನೊಂದು ಅಪರಿಚಿತರಂತೆ ನೋಡುತ್ತಿದ್ದವು. ಬೀದಿಯ ನಾಲ್ಕು ಜನರ ನೆರವಿನಿಂದ ಚಪ್ಪಡಿಗಳನ್ನು ಜಾರಿಸಿ ಒಂದು ತುದಿ ಲಾರಿಯ ಮೇಲೆ, ಒಂದು ತುದಿ ನೆಲದ ಮೇಲೆ ಇಟ್ಟೆವು. ಬಿಸಿಲಿಗೆ ಕಲ್ಲು ಥಳಥಳ ಹೊಳೆಯಿತು. ಬೀದಿಯವರು ಒಂದು ಕ್ಷಣ ಬೆರಗಾಗಿ ನಿಂತರು. ಅಷ್ಟು ಹೊತ್ತಿನ ಮಟ್ಟಿಗೆ ನನ್ನ ಜೀವನ ಸಾರ್ಥಕವಾಗಿತ್ತು.

"ರೀ, ಆ ಒರಟು ಮಗ್ಗಲಾ ಮ್ಯಾಲ ಮಾಡ್ರಿ. ಇದರ ಮ್ಯಾಲ ಇರಿವಿನೂ ಜಾರತೈತಿ" ಎಂದಳು ಗಿರಿಜಾ.

"ಚಂದನ ಮಾರಿ ನೆಲಕ್ಕ ಒತ್ತಿ ಬೆನ್ನು ತೋರಸ್ತಾರೇನ? ನಾಕು ಮಂದಿ ನೋಡಾಕ ಹತ್ತ್ಯಾರ."

ಜೋಶಿ ಸರ್ ಕನ್ನಡಕ ಮೇಲೇರಿಸಿ, ಒಂದು ಕಣ್ಣು ಮುಚ್ಚಿ ಇಳಿಜಾರನ್ನು ಅಳೆದರು. "ಇಷ್ಟು ಕಡಿದಾದ್ರ ಆಗೂದಿಲ್ಲ ಸಂಗಪ್ಪ. ಕಲ್ಲು ಇನ್ನೂ ಎರಡರಷ್ಟು ಉದ್ದ ಬೇಕು, ಇಲ್ಲಾ ಎತ್ತರ ಕಡಿಮಿ ಆಗಬೇಕು. ಲೆಕ್ಕಾ ಮಾಡಿ ತೋರಸ್ಲೇನು?"

"ಪೂಜಿ ಆಗ್ಲಿ ತಡೀರಿ ಸರ್."

ಗಿರಿಜಾ ಕಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಅವಳ ಕೈಯಿಂದ ಕಾಯಿಯ ಹೋಳು ಇಸಿದುಕೊಂಡು ನಾನು ಎರಡೂ ಚಪ್ಪಡಿಗಳ ಮೇಲೆ ನೀರು ಚಿಮುಕಿಸಿದೆ. ಚಿಮುಕಿಸಿ ಸುಮ್ಮನಿರಬೇಕಿತ್ತು. ಹದಿನಾಲ್ಕು ವರ್ಷದ ಚಟ ಬಿಟ್ಟೀತೆ? ಆರತಿಯ ಎಣ್ಣೆ ಅಂಗೈಗೆ ಹತ್ತಿತ್ತು. ಆ ಅಂಗೈಯಿಂದಲೇ ಕಲ್ಲನ್ನು ಮೇಲಿನಿಂದ ಕೆಳಗೆ ಸವರಿ ಸವರಿ ಇನ್ನಷ್ಟು ಹೊಳಪು ಬರಿಸಿದೆ!

ಆಮೇಲೆ ಕಾರಿನಲ್ಲಿ ಕೂತು, ಗಿರಿಜಾಳ ಕಡೆ ಒಮ್ಮೆ ಗಂಭೀರವಾಗಿ ನೋಡಿ, ಮೊದಲನೇ ಗೇರ್ ಹಾಕಿ ಹೊರಟೆ. ಕಾರು ಮುಂದೆ ಹೋಯಿತು. ಕಟ್ ಎಂದಿತು. ನಿಂತಿತು. ಗಾಲಿ ಇನ್ನೂ ಕಲ್ಲನ್ನು ಮುಟ್ಟಿರಲಿಲ್ಲ. ಕಾರಿನ ಮೂತಿಯೇ ಮೊದಲು ಹೋಗಿ ಕಲ್ಲಿಗೆ ಕುಟ್ಟಿತ್ತು.

"ಗುಡ್ಡಾ ಹತ್ತೂ ಮುಂದ ದೇವರಿಗೆ ಹಣಿ ಹಚ್ಚಿತು ನೋಡ್ರಿ ವೈನಿ" ಎಂದ ಮಾಬೂಸಾಬ. ಅವನು ನನ್ನ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ನನ್ನನ್ನು ಹಂಗಿಸುವಾಗ ಹೆಚ್ಚು ಗೌರವದಿಂದ ಎನ್ನುತ್ತಾನೆ.

ಪಕ್ಕದ ಖಾಲಿ ಸೈಟಿನಲ್ಲಿ ಹೊಸ ಮನೆಗೆ ಪಾಯ ತೋಡುತ್ತಿದ್ದರು. ಅಲ್ಲಿಂದ ಉಸುಕಿನ ಚೀಲ ಕೇಳಿ ತಂದು ಚಪ್ಪಡಿಯ ಬುಡದಲ್ಲಿ ಹಾಸಿ ಚಿಕ್ಕ ಏರು ಮಾಡಿದೆವು. ಮೂತಿ ಈಗ ಪಾರಾಯಿತು. ಮುಂದಿನ ಎರಡೂ ಗಾಲಿಗಳು ಕಲ್ಲಿನ ಮೇಲೆ ಬಂದವು. ನಾನು ವೇಗ ಕೊಟ್ಟೆ. ಗಾಲಿಗಳು ಗಿರಗಿರ ತಿರುಗಿದವು. ಇನ್ನಷ್ಟು ಕೊಟ್ಟೆ. ಇನ್ನಷ್ಟು ತಿರುಗಿದವು. ಟಾಯರಿನ ಹೊಗೆ ಎದ್ದಿತು, ವಾಸನೆ ಎದ್ದಿತು, ಮೂರು ಮನೆಯ ಆಚೆ ಮಲಗಿದ್ದ ಒಬ್ಬ ಅಜ್ಜನೂ ಎದ್ದ. ಕಾರು ಮಾತ್ರ ಏಳಲಿಲ್ಲ.

ಜೋಶಿ ಸರ್ ಕಿಟಕಿಗೆ ಬಂದು ಶಾಂತವಾಗಿ ಹೇಳಿದರು. "ಗಾಲಿ ತಿರುಗಿದ್ದು ಲೆಕ್ಕಕ್ಕ ಹಿಡದ್ರ ನೀ ಈಗ ಹುನಗುಂದ ದಾಟಿರಬೇಕಿತ್ತು."

ಅಷ್ಟರಲ್ಲಿ ಗಾಲಿಗಳ ಒದೆತಕ್ಕೆ ಎಡಗಡೆಯ ಚಪ್ಪಡಿ ಲಾರಿಯ ಅಂಚಿನಿಂದ ನಾಲ್ಕು ಬೆರಳು ಹಿಂದೆ ಸರಿದಿತ್ತು. ಮಾಬೂಸಾಬ ಓಡಿ ಬಂದು ಬಾನೆಟ್ ಬಡಿದ. "ನಿಂದ್ರಸಲೇ! ಕಲ್ಲು ಕಟ್ಟಿಲ್ಲ, ಏನಿಲ್ಲ. ಜಾರಿ ಬಂದು ಮಂದಿ ಕಾಲಿನ ಮ್ಯಾಲ ಬಿದ್ರ?" ಎಂದು ಎರಡೂ ಚಪ್ಪಡಿಗಳನ್ನು ಸರಪಳಿಯಿಂದ ಲಾರಿಗೆ ಬಿಗಿದ. ನಾನು ಅದನ್ನು ಹೇಳಬೇಕೆಂದೇ ಇದ್ದೆ ಎಂದು ಹೇಳಿದೆ.

ಎರಡನೆಯ ಉಪಾಯ ಚೈನ್ ಪುಲ್ಲಿ. ಪುಲ್ಲಿಯನ್ನು ಲಾರಿಯ ಮುಂಭಾಗದ ಕಂಬಿಗೆ ಕಟ್ಟಿ, ಕೊಕ್ಕೆಯನ್ನು ಕಾರಿಗೆ ಸಿಗಿಸಿ, ಸರಪಳಿ ಜಗ್ಗುತ್ತ ಹೋದರೆ ಬಂಡೆಯೂ ಕುರಿಮರಿಯಂತೆ ಬರುತ್ತದೆ. ಇದು ನನ್ನ ಕ್ಷೇತ್ರ. ಇಲ್ಲಿ ಯಾರ ಸಲಹೆಯೂ ಬೇಡವೆಂದು ಕಾರಿನ ಮುಂದೆ ಕೂತು, ಕೊಕ್ಕೆ ಸಿಗಿಸಲು ಗಟ್ಟಿಯಾದ ಜಾಗ ಹುಡುಕಿದೆ. ಬಂಪರ್ ಕಂಡಿತು. ಗಟ್ಟಿಯಾಗಿಯೇ ಕಂಡಿತು.

"ಅದು ಪ್ಲಾಸ್ಟಿಕ್ ಅಲ್ಲೇನು?" ಎಂದರು ಜೋಶಿ ಸರ್.

"ನನಗ ಬಿಡ್ರಿ ಸರ್."

ನಾನೂ ಮಾಬೂಸಾಬನೂ ಲಾರಿಯ ಮೇಲೆ ನಿಂತು ಸರಪಳಿ ಜಗ್ಗಿದೆವು. ಬಂತು. ಸರಾಗವಾಗಿ ಬಂತು. ಇಷ್ಟು ಹಗುರಾಗಿ ಬರುತ್ತಿದೆಯಲ್ಲ ಎಂದು ನನ್ನ ತೋಳಿನ ಬಗ್ಗೆ ನನಗೇ ಹೆಮ್ಮೆಯಾಯಿತು. ಕೆಳಗಿನಿಂದ ಗಿರಿಜಾ ಏನೋ ಕೂಗುತ್ತಿದ್ದಳು. ತಿರುಗಿ ನೋಡಿದೆ. ಬಂಪರ್ ಸುರಕ್ಷಿತವಾಗಿ ಲಾರಿ ಏರಿತ್ತು. ಕಾರು ಕೆಳಗೇ ಇತ್ತು!

ಬೀದಿಯಲ್ಲಿ ಚಪ್ಪಾಳೆ ಬಿತ್ತು. ಯಾರೋ ಒಬ್ಬರು ಫೋನು ಎತ್ತಿ ಫೋಟೋ ಹೊಡೆದರು.

"ಸಂಗ್ಯಾ," ಎಂದ ಮಾಬೂಸಾಬ, "ಹಿಂಗ ಒಂದೊಂದ ಸಾಮಾನು ಹತ್ತಿಸಿದ್ರ ಸಂಜಿಕ ಮುಗೀತೈತಿ."

ಆಮೇಲೆ ಜೋಶಿ ಸರ್ ಕಾರಿನ ಪುಸ್ತಕ ತಂದು ಓದಿ, ಎಳೆಯುವ ಕೊಕ್ಕೆ ಹಾಕಲೆಂದೇ ಕಾರಿನ ಅಡಿಯಲ್ಲಿ ಕಬ್ಬಿಣದ ಬಳೆ ಇದೆ ಎಂದು ತೋರಿಸಿದರು. ಅದಕ್ಕೆ ಸಿಗಿಸಿದೆವು. ಕಾರು ನೇರವಾಗಿ ಬರಬೇಕಾದರೆ ಒಳಗೊಬ್ಬ ಕೂತು ಸ್ಟಿಯರಿಂಗ್ ಹಿಡಿಯಬೇಕು ಎಂದು ನಾನು ಬಾಗಿಲು ತೆಗೆದೆ. ಗಿರಿಜಾ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಇಳೀರಿ."

"ಯಾರಾರ ಹಿಡೀಬೇಕಲ್ಲ ಗಿರಿಜಾ?"

"ಏನೂ ಬ್ಯಾಡ. ಇಲ್ಲಿತನಕ ನಿಮ್ಮ ಮಾತು ಒಂದರ ಖರೆ ಆಗೈತೇನು? ಮಗಳು ತುಂಬಿದ ಬಸುರಿ ಅಲ್ಲಿ ಹಾದಿ ನೋಡಾಕ ಹತ್ಯಾಳ. ನೀವು ಇದರಾಗ ಕುಂತು ಏನರ ಆದ್ರ ನಾ ಆಕಿಗಿ ಏನಂತ ಹೇಳ್ಲಿ? ಇಳೀರಿ ಅಂದ್ರ ಇಳೀರಿ!"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ದನಿ ನಾನು ಮೂರೋ ನಾಲ್ಕೋ ಸಲ ಕೇಳಿದ್ದೇನೆ. ಇಳಿದೆ. ಅವಳು ಅಲ್ಲಿಗೇ ಬಿಡಲಿಲ್ಲ. ಕಾರಿನ ಹಿಂದೆ ತಮಾಷೆ ನೋಡುತ್ತಿದ್ದ ಜನರನ್ನೆಲ್ಲ, "ಹಿಂದ ನಿಂದ್ರಬ್ಯಾಡ್ರಿ, ಬಾಜೂಕೂ ನಿಂದ್ರಬ್ಯಾಡ್ರಿ, ಆ ಗ್ವಾಡಿ ಕಡೆ ನಡೀರಿ" ಎಂದು ಕೋಳಿ ಅಟ್ಟಿದಂತೆ ಅಟ್ಟಿದಳು. ಜೋಶಿ ಸರ್ ಸ್ಟಿಯರಿಂಗನ್ನು ನೆಟ್ಟಗೆ ಮಾಡಿ ಹಗ್ಗದಿಂದ ಕಟ್ಟಿದರು.

ಜಗ್ಗಿದೆವು. ಈ ಸಲ ಕಾರು ನಿಜವಾಗಿಯೂ ಏರಿತು! ಅಂಗುಲ ಅಂಗುಲ ಏರಿತು. ಮುಂದಿನ ಗಾಲಿಗಳು ಲಾರಿಯ ಹಾಸಿಗೆ ಬಂದವು. ನಾನು ಮಾಬೂಸಾಬನ ಕಡೆ ತಿರುಗಿ, "ನೋಡಿದಿಲ್ಲೊ?" ಎಂದೆ. ಎನ್ನಬಾರದಿತ್ತು. ಕರ್ರ್ ಎಂದು ಸದ್ದಾಯಿತು. ಮುಂದಿನ ಗಾಲಿ ಲಾರಿಯಲ್ಲಿ, ಹಿಂದಿನ ಗಾಲಿ ಚಪ್ಪಡಿಯ ನಟ್ಟನಡುವೆ, ತಗ್ಗು ಹೊಟ್ಟೆ ಲಾರಿಯ ಅಂಚಿನ ಮೇಲೆ. ಕಾರು ತೂಗುಮಣೆಯಂತೆ ಕೂತುಬಿಟ್ಟಿತು.

"ಇನ್ನೊಂದು ಜಗ್ಗು" ಎಂದೆ.

"ಬ್ಯಾಡಲೇ."

"ಇನ್ನೊಂದ ಒಂದು!"

ಟಪ್!

ಬಲಗಡೆಯ ಚಪ್ಪಡಿ ಸರಿಯಾಗಿ ನಡುವಿಗೆ ಎರಡು ತುಂಡಾಯಿತು. ಕಾರಿನ ಹಿಂಭಾಗ ಬಲಕ್ಕೆ ಕುಸಿದು, ತುಂಡಿನ ಮೇಲೆ ಬಡಿದು, ಸರಪಳಿಗೆ ನೇತುಬಿದ್ದು ನಿಂತಿತು. ಅದರ ಕೆಳಗೆ, ಹಿಂದೆ, ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಗಿರಿಜಾ ಅಟ್ಟಿದ ಗೋಡೆಯ ಹತ್ತಿರವೇ ಇದ್ದರು. ಓರೆಯಾದ ಕಾರಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಡ್ರೈವರ್ ಸೀಟು ನೆಲದ ಕಡೆ ವಾಲಿ ಖಾಲಿ ಕೂತಿತ್ತು. ಗಿರಿಜಾ ನನ್ನನ್ನು ನೋಡಿದಳು. ಆಮೇಲೆ ಆ ಖಾಲಿ ಸೀಟನ್ನು ನೋಡಿದಳು.

ಆ ಹೊತ್ತಿಗೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ಬಾದಾಮಿಯ ಬೀಗರು!

"ಬೀಗರ, ಬಾಗಲಕೋಟ್ಯಾಗ ನಮ್ಮ ಅಕ್ಕನ ಮಗಾ ಒಂದು ಫೋಟೋ ಕಳಿಸ್ಯಾನ. ಯಾರೋ ಒಬ್ರು ಲಾರಿ ಮ್ಯಾಲ ನಿಂತು ಬಂಪರ್ ಹಿಡ್ಕೊಂಡಾರ. ಥೇಟ್ ನಿಮ್ಮಂಗ ಕಾಣ್ತಾರ್ರಿ!"

"ಹೌದೇನ್ರಿ? ಈಗಿನ ಫೋಟೋ ನಂಬಾಕ ಬರೂದಿಲ್ರಿ ಬೀಗರ."

"ಅದ ಅಂದೆ ನಾನೂ. ಸ್ವಂತ ಕಾರು ಇದ್ದಾವರು ಅದನ್ನ ಲಾರಿ ಮ್ಯಾಲ ಯಾಕ ಹೇರ್ತಾರ?" ಎಂದು ನಕ್ಕು, ದನಿ ತಗ್ಗಿಸಿದರು. "ಖರೆ ಹೇಳ್ರಿ, ತ್ರಾಸ ಇದ್ರ ಬಿಡ್ರಿ. ಬಾಣಂತನಾ ಇಲ್ಲೇ ಮಾಡೂಣು. ಹುಡುಗಿಗಿ ನಾ ಹೇಳ್ತೇನಿ."

ಅವರು ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರಿಸಿದರು. ಹಿಂದಿನಿಂದ ಸವಿತಾಳ ದನಿ ಕೇಳಿತು, "ಮಾವಾರ, ಅಪ್ಪ ಬರ್ತಾನ್ರಿ. ಬರ್ತೇನಿ ಅಂದಾನ." ಅಷ್ಟೆ. ನಾನು ಫೋನು ಕಿಸೆಗೆ ಹಾಕಿ ಒಡೆದ ಚಪ್ಪಡಿಯ ಮೇಲೆ ಕೂತೆ. ಹೊಳೆಯುವ ಕಲ್ಲಿನಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಂಡಿತು. ಇಷ್ಟು ಚೆನ್ನಾಗಿ ಪಾಲಿಶ್ ಮಾಡಬಾರದಿತ್ತು.

ಗಿರಿಜಾ ಪಕ್ಕಕ್ಕೆ ಬಂದು ನಿಂತಳು.

"ಏನಂದ್ರು?"

"ಸವಿ ಅಲ್ಲೇ ಇರ್ಲಿ ಅಂತ."

ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ಮಾಬೂಸಾಬಣ್ಣ, ಮೊದಲು ಅದನ್ನ ಸಾವಕಾಶ ಕೆಳಗ ಇಳಸ್ರಿ. ಆಮ್ಯಾಲ ನಾ ಹೇಳ್ತೇನಿ." ಎಂದು ನನ್ನ ಕಡೆ ತಿರುಗಿದಳು. "ನಮ್ಮ ಅಪ್ಪಾರು ಸಂತಿಗೆ ಎಮ್ಮಿ ಹೆಂಗ ಗಾಡಿ ಹತ್ತಸ್ತಿದ್ರು, ನೋಡಿರೇನು?"

"ಎಮ್ಮಿಗೂ ಕಾರಿಗೂ ಏನ ಸಂಬಂಧ?"

"ಎರಡಕ್ಕೂ ಹೊಟ್ಟಿ ಕೆಳಗ ಐತಿ. ಎಮ್ಮೀನ ಯಾರೂ ಎತ್ತೂದಿಲ್ರಿ. ಗಾಡೀನ ತಗ್ಗಿಗೆ ಇಳಸ್ತಾರ, ಎಮ್ಮೀನ ದಿನ್ನಿ ಮ್ಯಾಲ ನಿಂದ್ರಸ್ತಾರ. ಅದು ನಾಕು ಹೆಜ್ಜಿ ನಡದು ಒಳಗ ಹೋಗ್ತೈತಿ. ನಿಮ್ಮ ಲಾರಿ ಎತ್ತರ ಆದ್ರ ಲಾರೀನ ತಗ್ಗಿಗೆ ಬಿಡ್ರಿ." ಅವಳ ಬೆರಳು ಪಕ್ಕದ ಸೈಟಿನ ಕಡೆ ತೋರಿಸುತ್ತಿತ್ತು. ಮಣ್ಣು ತುಂಬಿಕೊಂಡು ಹೋಗುವ ಗಾಡಿಗಳಿಗೆಂದು ಅಲ್ಲಿ ರಸ್ತೆಗಿಂತ ಎದೆಮಟ್ಟ ತಗ್ಗಾಗಿ, ಒಂದು ಬದಿಯಿಂದ ಇಳಿಜಾರು ಬಿಟ್ಟು ಅಗೆದಿದ್ದರು.

ಜೋಶಿ ಸರ್ ಕೈಯಲ್ಲಿ ಕಾಗದ ಪೆನ್ನು ಹಿಡಿದು ಓಡಿ ಬಂದರು. ಅವರು ಅರ್ಧ ಗಂಟೆಯಿಂದ ತ್ರಿಕೋನ ಬರೆಯುತ್ತಿದ್ದರಂತೆ. ಕೊನೆಯ ಸಾಲು ತೋರಿಸಿದರು. "ಉತ್ತರ ಇದ ಬಂತು ನೋಡ್ರಿ ಅವ್ವಾರ! ಎತ್ತರ ಸೊನ್ನಿ ಆಗಬೇಕು." ಮಾಸ್ತರರ ವಿಜ್ಞಾನವೂ ಎಮ್ಮೆಯ ಶಾಸ್ತ್ರವೂ ಒಂದೇ ಉತ್ತರ ಕೊಟ್ಟವು. ಐದನೇ ಇಯತ್ತೆಯವನೊಬ್ಬನೇ ಉತ್ತರ ಸಿಗದೆ ಉಳಿದವನು!

ಸರಪಳಿ ಸಡಿಲಿಸುತ್ತ ಕಾರನ್ನು ಉಸುಕಿನ ಚೀಲಗಳ ಮೇಲೆ ಮೆಲ್ಲಗೆ ಇಳಿಸಿದೆವು. ಸೈಟಿನವರನ್ನು ಕೇಳಿ, ಮಾಬೂಸಾಬ ಲಾರಿಯನ್ನು ಆ ಇಳಿಜಾರಿನಿಂದ ತಗ್ಗಿಗೆ ಇಳಿಸಿ, ಹಿಂಭಾಗವನ್ನು ರಸ್ತೆಯ ಅಂಚಿಗೆ ತಂದು ತಾಗಿಸಿದ. ಲಾರಿಯ ಹಾಸು ರಸ್ತೆಗೆ ಹೆಚ್ಚುಕಡಿಮೆ ಸಮವಾಯಿತು. ನಡುವಿನ ಸಂದಿಗೆ ಎರಡು ದಪ್ಪ ಹಲಗೆ. ಹೌದು, ಹಲಗೆ! ಸೈಟಿನಿಂದ ಅವನ್ನು ನಾನೇ ಹೊತ್ತು ತಂದೆ. ಮಾಬೂಸಾಬ ಪಕ್ಕದಲ್ಲಿ ನಿಂತು ನನ್ನ ಹೆಜ್ಜೆ ಎಣಿಸಿದ. ಹಲಗೆಗಳನ್ನು ಲಾರಿಗೆ ಬಿಗಿದೆವು, ಲಾರಿಯ ಗಾಲಿಗಳಿಗೆ ಕಲ್ಲು ಕೊಟ್ಟೆವು, ಮಂದಿಯನ್ನು ಗೋಡೆಗೆ ಕಳಿಸಿದೆವು. ಪುಲ್ಲಿ ಜಗ್ಗಿದೆವು. ಕಾರು ಎಮ್ಮೆಗಿಂತ ಮರ್ಯಾದೆಯಿಂದ ನಾಲ್ಕು ಹೆಜ್ಜೆ ನಡೆದು ಒಳಗೆ ಹೋಯಿತು. ಒಂದು ಗೀರಿಲ್ಲ. ಹತ್ತು ನಿಮಿಷ!

ಒಡೆದ ಚಪ್ಪಡಿಯ ತುಂಡುಗಳನ್ನು ಗಾಲಿಗಳ ಹಿಂದೆ ಮುಂದೆ ತಡೆಗಲ್ಲಾಗಿ ಇಟ್ಟು, ನಾಲ್ಕೂ ಗಾಲಿಗಳ ಮೇಲೆ ಹಗ್ಗ ಹಾಯಿಸಿ ಬಿಗಿದೆವು. ಈ ಸಲ ಒರಟು ಮಗ್ಗಲು ಮೇಲಿತ್ತು. ಗಿರಿಜಾ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಲಾರಿ ಹೊರಟಿತು.

ಇಳಕಲ್ಲಿಗೆ ಬಂದು ಯಾರ್ಡಿನಲ್ಲಿ ಕಾರು ಇಳಿಸುವಾಗ ನನಗೆ ನಿಜವಾದ ಹೊಡೆತ ಬಿತ್ತು. ನಮ್ಮ ಯಾರ್ಡಿನಲ್ಲಿ ಕಲ್ಲು ಹೇರಲು ಒಂದು ಕಟ್ಟೆ ಇದೆ. ಲಾರಿ ಹಿಂದಕ್ಕೆ ತಂದು ತಾಗಿಸಿದರೆ ಕಟ್ಟೆಯೂ ಲಾರಿಯೂ ಒಂದೇ ಮಟ್ಟ. ಇಪ್ಪತ್ತು ವರ್ಷ ದಿನಾ ಆ ಕಟ್ಟೆಯ ಮೇಲೆ ನಿಂತು ಬಂಡೆ ಹೇರಿದ್ದೇನೆ. ಅದನ್ನು ಯಾಕೆ ಕಟ್ಟಿದ್ದಾರೆಂದು ಒಂದು ದಿನವೂ ಯೋಚಿಸಿರಲಿಲ್ಲ!

ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ. ರವಿವಾರ ಸಂಜೆ ಎಲ್ಲ ಗೇರ್‌ಗಳೂ ಎದ್ದು ಕೂತಿದ್ದವು. ಬಂಪರನ್ನು ತಂತಿ ಕಟ್ಟಿ ಕೂಡಿಸಿದ. ಸ್ಪ್ರಿಂಗ್ ಮಾತ್ರ ಸಿಗಲಿಲ್ಲ, ಇನ್ನೊಂದು ವಾರ ಎಂದ. ಇರಲಿ ಎಂದೆ. ಸೋಮವಾರ ಮುಂಜಾನೆ ಹತ್ತಕ್ಕೆ, ಒಂದು ನಿಮಿಷ ಆಚೆ ಈಚೆ ಇಲ್ಲದೆ, ನಮ್ಮ ಸ್ವಂತ ಕಾರು ಬಾದಾಮಿಯ ಬೀಗರ ಬಾಗಿಲಲ್ಲಿ ನಿಂತಿತು. ಸವಿತಾ ಓಡಿ ಬರಲು ಹೋಗಿ, ಅತ್ತೆಯ ಕೈಯಲ್ಲಿ ಬೈಸಿಕೊಂಡು, ಮೆಲ್ಲಗೆ ನಡೆದು ಬಂದು ಬಾನೆಟ್ ಮೇಲೆ ಕೈಯಿಟ್ಟಳು. "ಭಾಳ ಚಂದ ಐತಪ್ಪ" ಎಂದಳು. ಬೀಗರು ಬಂಪರಿನ ತಂತಿಯನ್ನು ಬಗ್ಗಿ ನೋಡಿದರು, ನನ್ನನ್ನು ನೋಡಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ದೊಡ್ಡ ಮನುಷ್ಯರು.

ಹೊರಡುವಾಗ ನಮ್ಮ ಅಳಿಯಂದಿರು, "ನೀವು ದಣದೀರಿ, ನಾ ಹೊಡೀತೇನಿ ಮಾವಾರ" ಎಂದು ಸ್ಟಿಯರಿಂಗ್ ಹಿಡಿದರು. ಮುಂದೆ ಸವಿತಾ ಆರಾಮಾಗಿ ಕೂತಳು. ಹಿಂದೆ ಗಿರಿಜಾ, ಬೀಗಿತಿ, ನಾನು. ಗುಳೇದಗುಡ್ಡದ ಹತ್ತಿರ ಮೊದಲ ಉಬ್ಬು ಬಂತು. ಅಳಿಯಂದಿರು ಮೆಲ್ಲಗೇ ಹತ್ತಿಸಿದರು. ಆದರೂ ಕೆಳಗೆ ಕರ್ರ್ ಎಂದಿತು. ಸವಿತಾ ಹೊಟ್ಟೆ ಹಿಡಿದುಕೊಂಡಳು. ಎಲ್ಲರಿಗೂ ಗಾಬರಿ. ಅವಳು ನಗುತ್ತಿದ್ದಳು.

"ಏನಿಲ್ಲವ್ವ, ಭಾರ ಜಾಸ್ತಿ ಆಗೈತಿ. ಒಬ್ಬರು ಇಳದ್ರ ಸಾಕು, ದಾಟತೈತಿ."

ಕಾರಿನಲ್ಲಿದ್ದ ನಾಲ್ಕೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ನ್ಯಾಯವಾಗಿಯೇ ತಿರುಗಿದರು.

ಅಂದು ಬಾದಾಮಿಯಿಂದ ಇಳಕಲ್ಲಿನವರೆಗೆ ಎಷ್ಟು ಉಬ್ಬುಗಳಿವೆ ಎಂಬುದು ನನ್ನ ಕಾಲಿಗೆ ಗೊತ್ತು. ಉಬ್ಬು ಬಂದಲ್ಲೆಲ್ಲ ನಾನು ಇಳಿಯುವುದು, ಕಾರು ಸದ್ದಿಲ್ಲದೆ ದಾಟುವುದು, ಮುಂದೆ ಮಂದಿ ಇಲ್ಲದ ಜಾಗ ನೋಡಿ ನಿಲ್ಲುವುದು, ನಾನು ನಡೆದು ಹೋಗಿ ಹತ್ತುವುದು. ಮಗಳ ಹೊಟ್ಟೆಗೆ ಒಂದು ಕುಲುಕೂ ತಾಗಲಿಲ್ಲ. ಹುನಗುಂದದಲ್ಲಿ ಮೂರು ಉಬ್ಬುಗಳು ಸಾಲಾಗಿ ಬಂದವು. ನಾನು ರಸ್ತೆಯ ಬದಿಗೆ ಜರಿಯ ರುಮಾಲು ಸರಿಮಾಡಿಕೊಳ್ಳುತ್ತ ನಡೆಯುತ್ತಿದ್ದೆ. ಚಹಾದಂಗಡಿಯ ಮುಂದೆ ಕೂತಿದ್ದ ಒಬ್ಬ ಹಿರಿಯರು ಕರೆದು ಕೇಳಿದರು.

"ಯಾಕ್ರಿ ಯಜಮಾನ್ರ, ಆ ಕಾರಿನ್ಯಾಗ ಇದ್ದಿರಲ್ಲ, ಇಳಿಸಿಬಿಟ್ರೇನು? ಜಾಗಾ ಇಲ್ಲೇನು ಅದರಾಗ?"

"ಜಾಗಾ ಐತ್ರಿ. ಎತ್ತರ ಇಲ್ಲ."

"ಯಾರದ್ರಿ ಕಾರು?"

ನಾನು ನಿಂತು, ಎದೆ ಸೆಟೆದು, ಇಡೀ ಚಹಾದಂಗಡಿಗೆ ಕೇಳುವಂತೆ ಹೇಳಿದೆ. "ನಂದ ಐತ್ರಿ. ಸ್ವಂತದ್ದು!"

ಹಿರಿಯರು ನನ್ನನ್ನೊಮ್ಮೆ ನೋಡಿದರು. ಮೂರನೇ ಉಬ್ಬು ದಾಟಿ ಇಳಕಲ್ಲಿನ ಕಡೆ ಸರಾಗವಾಗಿ ಹೋಗುತ್ತಿದ್ದ ಕಾರನ್ನೊಮ್ಮೆ ನೋಡಿದರು.

"ಹಂಗಾದ್ರ ಓಡ್ರಿ!" ಎಂದರು.

ಓಡಿದೆ.